ಬರಬೇಡಿ ಎನ್ನುವ ಕಾಗದ

ಮಕ್ಕಳೇ, ಹೋದ ವಾರ ನಿಮ್ಮಲ್ಲೊಬ್ಬಳು ನನ್ನನ್ನು ಕೇಳಿದಳು, "ಅಜ್ಜಿ, ಒಂದು ಲೆಟರ್ ಬರೀಬೇಕು, ಹೇಗೆ ಶುರು ಮಾಡೋದು?" ಅಂತ. ನಾನು ಏನೂ ಹೇಳದೆ ಒಳಗೆ ಹೋಗಿಬಿಟ್ಟೆ. ನಾಲ್ಕು ಜನ ಕೂತಿರುವಾಗ ನನಗೆ ಮಾತು ಬರುವುದಿಲ್ಲ, ನಿಮಗೇ ಗೊತ್ತು. ಒಬ್ಬಳೇ ಕೂತು ಬರೆದರೆ ಬರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪಾಠ ಹೇಳುವಷ್ಟು ಓದಿದವಳಲ್ಲ ನಾನು. ನಮ್ಮೂರ ಶಾಲೆ ಏಳನೇ ತರಗತಿಗೆ ಮುಗಿಯುತ್ತಿತ್ತು, ನನ್ನ ಓದೂ ಅಲ್ಲಿಗೇ ಮುಗಿಯಿತು. ಒಂದು ಕಾಗದ ಬರೆಯಲು ನಾವು ಪಟ್ಟ ಪಾಡನ್ನು ಹೇಳುತ್ತೇನೆ, ಬೇಕಾದ್ದನ್ನು ನೀವೇ ಆರಿಸಿಕೊಳ್ಳಿ.

ನಾನು ಸುಲ್ತಾನ್‌ಪೇಟೆಯ ಮದುವೆ ಕಾರ್ಡಿನ ಅಂಗಡಿಗೆ ಹೋಗುತ್ತಿದ್ದಾಗಿನ ಮಾತು ಇದು. ನಿಮ್ಮ ತಾತ ಹೋದ ಮೇಲೆ ಹಿಡಿದ ಕೆಲಸ. ಚಾಮರಾಜಪೇಟೆಯಿಂದ ಮಾರ್ಕೆಟ್ ದಾಟಿ ನಡೆದೇ ಹೋಗುತ್ತಿದ್ದೆ. ಒಕ್ಕಣೆ ನೋಡುವುದು, ಅಂದರೆ ಕಾರ್ಡಿನೊಳಗಿನ ಬರಹವನ್ನು ಸರಿಯಾಗಿ ಕೂರಿಸುವುದು, ನನ್ನ ಕೆಲಸ. ಯಾರ ಹೆಸರು ಮೇಲೆ, ಯಾರದು ಕೆಳಗೆ, ತೀರಿಕೊಂಡ ಅಜ್ಜನ ಹೆಸರಿನ ಹಿಂದೆ ಏನು ಹಾಕಬೇಕು, ಸೋದರಮಾವಂದಿರು ಇಬ್ಬರಿದ್ದರೆ ಮೊದಲು ಯಾರು, ಇಂಥವು. ಅಂಗಡಿಯ ಸಾಹುಕಾರರು ಹಣೆ ತುಂಬ ವಿಭೂತಿ ಇಟ್ಟುಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ನಾನು ಬರೆದುಕೊಟ್ಟದ್ದನ್ನು ಅವರೇ ಕುಟ್ಟುತ್ತಿದ್ದರು. ಕಾರ್ಡಿನ ಕಟ್ಟು ಹೊರಗೆ ಹೋಗುವಾಗ ಮೂಲೆಗೆ ಅರಿಶಿನ ಹಚ್ಚುವುದೂ ಅವರೇ. ನಾನು ಅದನ್ನು ಮುಟ್ಟುತ್ತಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ, ನಾನಾಗಿಯೇ ದೂರ ಇದ್ದೆ.

ಒಂದು ದಿನ ಮಧ್ಯಾಹ್ನ ಒಬ್ಬ ತಂದೆ, ಮಗಳು ಬಂದರು. ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು. ಆ ಹುಡುಗಿಯ ಮದುವೆ ಕಾರ್ಡು ನಮ್ಮಲ್ಲೇ ಅಚ್ಚಾಗಿತ್ತು. ಬಸವನಗುಡಿಯ ಕಡೆಯವರು. ಮದುವೆಗೆ ಇನ್ನೂ ಒಂದು ತಿಂಗಳ ಮೇಲಿತ್ತು. ಸಾಹುಕಾರರು ನಗುತ್ತಾ, "ಬನ್ನಿ ಸಾರ್, ಕಾರ್ಡ್ ಸಾಲಲಿಲ್ವಾ?" ಎಂದರು.

ತಂದೆ ಸ್ಟೂಲಿನ ತುದಿಯಲ್ಲಿ ಕೂತು, ದನಿ ತಗ್ಗಿಸಿ, "ಮದುವೆ ನಿಂತಿದೆ ಅಂತ ತಿಳಿಸೋ ಕಾರ್ಡ್ ಏನಾದ್ರೂ ಇದೆಯಾ ಸ್ಯಾಂಪಲ್‌ನಲ್ಲಿ?" ಎಂದರು.

ಸಾಹುಕಾರರ ನಗು ಹಾಗೇ ನಿಂತುಹೋಯಿತು. ನಮ್ಮ ಆಲ್ಬಂನಲ್ಲಿ ಇಲ್ಲದ್ದಿಲ್ಲ. ಮದುವೆ, ಉಪನಯನ, ಗೃಹಪ್ರವೇಶ, ಸೀಮಂತ, ವೈಕುಂಠ ಸಮಾರಾಧನೆ, ಶಿವಗಣಾರಾಧನೆ ಎಲ್ಲಾ ಇದೆ. ಇದೊಂದು ಇರಲಿಲ್ಲ.

"ಫೋನಲ್ಲೇ ಮೆಸೇಜ್ ಹಾಕಬಹುದಲ್ಲ ಸಾರ್?"

"ಹಾಕಿದ್ರೆ ಹತ್ತು ಗುಂಪಿಗೆ ಹೋಗುತ್ತೆ. ಅದರ ಮೇಲೆ ಒಬ್ಬೊಬ್ಬರು ಒಂದೊಂದು ಕಥೆ ಸೇರಿಸ್ತಾರೆ. ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಕರೆದಿದೀವಿ. ಬೇಡ ಅನ್ನೋದನ್ನೂ ಕೈಯಲ್ಲಿ ಕೊಡಬೇಕು."

ಮಗಳು ಲ್ಯಾಬ್ ಒಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದವಳು; ಗಟ್ಟಿ ಹುಡುಗಿ. ನನ್ನ ಕಡೆ ತಿರುಗಿ ಹೇಳಿದಳು: "ಒಂದೇ ಒಂದು ಮಾತು ಆಂಟಿ. ನಾನೂ ಆ ಹುಡುಗನೂ ಕೂತು ಮಾತಾಡಿ ಬೇಡ ಅಂದ್ಕೊಂಡಿದ್ದು. ಜಗಳ ಇಲ್ಲ. ಅವರ ಮೇಲೆ ತಪ್ಪು ಬರೋ ಹಾಗೂ ಬರೀಬೇಡಿ, ನನ್ನ ಮೇಲೆ ಬರೋ ಹಾಗೂ ಬರೀಬೇಡಿ. ಸುಳ್ಳನ್ನೂ ಬರೀಬೇಡಿ."

ಕಾರಣ ಏನೆಂದು ನಾನು ಕೇಳಲಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ.

ಬಿಳಿ ಹಾಳೆ ತೆಗೆದು ಬರೆದೆ: "ಅನಿವಾರ್ಯ ಕಾರಣಗಳಿಂದಾಗಿ ಈ ಹಿಂದೆ ನಿಶ್ಚಯಿಸಲಾಗಿದ್ದ ವಿವಾಹ ಮಹೋತ್ಸವವನ್ನು ರದ್ದುಗೊಳಿಸಲಾಗಿದೆ ಎಂದು ತಿಳಿಸಲು ವಿಷಾದಿಸುತ್ತೇವೆ." ಅಚ್ಚಿನ ಭಾಷೆ ಎಂದರೆ ಹೀಗೇ ಇರಬೇಕು ಎಂದುಕೊಂಡಿದ್ದೆ. ತಂದೆಗೆ ಬಹಳ ಹಿಡಿಸಿತು. "ಗಂಭೀರವಾಗಿದೆ" ಎಂದರು. ಮಗಳು ಓದಿ, "ಅಪ್ಪಾ, ಇವತ್ತು ನೀರು ಬರಲ್ಲ ಅಂತ ಹಾಕ್ತಾರಲ್ಲ, ಆ ಥರ ಇದೆ" ಎಂದಳು. "ನೀನು ಸುಮ್ನಿರಮ್ಮ" ಎಂದು ತಂದೆ ಆಕೆಯ ಮಾತು ತಡೆದರು. ಎರಡು ಪ್ರತಿ ತೆಗೆದು, ಕವರಿನಲ್ಲಿಟ್ಟು ನೋಡಲು ಕೊಟ್ಟೆವು. ಒಂದನ್ನು ಮೊದಲು ಮಾವಳ್ಳಿಯ ಅಣ್ಣನಿಗೆ ಕೊಡುವುದಾಗಿಯೂ, ಅವರು ಹೂಂ ಎಂದ ಮೇಲೆ ಉಳಿದವರಿಗೆ ಅಚ್ಚು ಹಾಕಿಸುವುದಾಗಿಯೂ ತಂದೆ ಹೇಳಿದರು. ಹುಡುಗಿಯ ದೊಡ್ಡಪ್ಪ ಅವರು. ಸಂಬಂಧ ತಂದು ಕುದುರಿಸಿದವರೇ ಅವರು. ಕಾರ್ಡು ಹೊರಟಿದ್ದೂ ಅವರ ಹೆಸರಿನಲ್ಲೇ.

"ದೊಡ್ಡಪ್ಪಂಗೆ ಇನ್ನೂ ಹೇಳಿಲ್ವಾ?" ಎಂದು ಸಾಹುಕಾರರು ಕೇಳಿದರು.

ತಂದೆ ಕಿಟಕಿ ಕಡೆ ನೋಡಿದರು. ಮಗಳು, "ಇವರಿಗೆ ಅವರನ್ನ ಕಂಡ್ರೆ ಈಗಲೂ ಭಯ" ಎಂದಳು. ಆಮೇಲೆ ಅವಳ ದನಿ ಸಣ್ಣದಾಯಿತು. "ನಂಗೂ. ಆದ್ರೆ ನನ್ನದು ಬೇರೆ ಥರ. ಅವರು ನಮ್ಮನೆಗೆ ಬರೋದು ಬಿಟ್ಬಿಟ್ರೆ ಏನು ಮಾಡ್ಲಿ? ಚಿಕ್ಕವಳಿದ್ದಾಗಿಂದ ನಂಗೆ ಎಲ್ಲಾದಕ್ಕೂ ಅವರೇ." ಅವಳಿಗೆ ಊರಿನವರ ಮಾತಿನ ಹೆದರಿಕೆ ಅಷ್ಟಿರಲಿಲ್ಲ. ಈ ಒಬ್ಬರನ್ನು ಕಳೆದುಕೊಳ್ಳುವ ಹೆದರಿಕೆ ಇತ್ತು.

ಒಂದೆರಡು ದಿನ ಕಳೆಯಿತು. ಬೆಳಿಗ್ಗೆ ಅಂಗಡಿಯ ಕಸ ಗುಡಿಸಿ ನೀರು ಹಾಕಿದ್ದೆವು ಅಷ್ಟೇ, ಬಿಳಿ ಪಂಚೆಯ ಹಿರಿಯರೊಬ್ಬರು ಬಟ್ಟೆ ಚೀಲ ಹಿಡಿದು ಮೆಟ್ಟಿಲು ಹತ್ತಿದರು. ಚೀಲದಿಂದ ಮದುವೆ ಕಾರ್ಡು ತೆಗೆದು ನನ್ನ ಮುಂದಿಟ್ಟರು. ನೋಡಿದರೆ ಅದೇ ಹುಡುಗಿಯದು.

"ಒಕ್ಕಣೆ ಬರೆದವರು ಯಾರಮ್ಮಾ? 'ಸಕುಟುಂಬ' ಅನ್ನೋದೇ ಇಲ್ಲವಲ್ಲ?"

"ಇದೆ ಸಾರ್, ಮೇಲಿನ ಸಾಲಲ್ಲಿ."

ಕಾರ್ಡನ್ನು ದೂರ ಹಿಡಿದು ನೋಡಿದರು. "ಹಾಂ, ಇದೆ. ಮೂವತ್ತು ವರ್ಷ ಸರ್ಕಾರಿ ಕಡತ ನೋಡಿ ನೋಡಿ ಕಣ್ಣು ಹೋಯ್ತು. ಇನ್ನೊಂದಷ್ಟು ಕಾರ್ಡ್ ಹಾಕ್ಕೊಡಿ. ಲಾಲ್‌ಬಾಗಿಗೆ ವಾಕಿಂಗ್ ಬರೋರನ್ನೆಲ್ಲ ಕರೀಬೇಕು. ಬಿಟ್ರೆ ನನ್ನ ತಿಂದುಹಾಕ್ತಾರೆ. ಬೀಗರ ಕಾರ್ಡೂ ಬಂದಾಯ್ತು."

ಇವರೇ ಆ ದೊಡ್ಡಪ್ಪ ಎಂದು ಹೊಳೆಯಿತು. ಮೆಲ್ಲಗೆ ಕೇಳಿದೆ, "ಬೀಗರ ಕಾರ್ಡು... ನೋಡಿದ್ರಾ ಸಾರ್?"

"ಬಿಚ್ಚಿಲ್ಲಮ್ಮ, ದೇವರ ಮುಂದೆ ಇಟ್ಟಿದೀನಿ. ಶನಿವಾರ ಪೂಜೆ ಮಾಡಿ ಬಿಚ್ತೀನಿ. ಅರಿಶಿನ ಹಚ್ಚಿದ ಕವರು ಬಂದ್ರೆ ನಮ್ಮನೇಲಿ ಹಾಗೇ. ನನ್ನ ತಮ್ಮ ತಂದು ಮನೆಯವಳ ಕೈಗಿಟ್ಟು, ಕಾಫಿನೂ ಕುಡೀದೆ ಓಡಿಹೋದ. ಮದುವೆ ಮನೆ ನೋಡಿ, ಕಾಲು ನೆಲದ ಮೇಲೆ ನಿಲ್ಲಲ್ಲ." ನಕ್ಕರು. "ಹುಡುಗನ ಚಿಕ್ಕಜ್ಜ ನಮ್ಮವನೇ. ಹೈಸ್ಕೂಲಿಂದ ಜೊತೆ. ಈ ವಾರ ವಾಕಿಂಗಿಗೇ ಬಂದಿಲ್ಲ, ನೆಗಡಿಯಂತೆ. ಮದುವೆ ಓಡಾಟಕ್ಕೆ ಈಗ್ಲೇ ಮಲಗಿಬಿಟ್ಟ!"

ನಾನು ಸಾಹುಕಾರರ ಕಡೆ ನೋಡಿದೆ. ಅವರು ಎದ್ದು ಹಿಂದಿನ ಕೋಣೆಗೆ ಹೋಗಿ, ಇಲ್ಲದ ಕಾರ್ಡು ಹುಡುಕತೊಡಗಿದರು. ಎರಡೂ ಮನೆಯವರು ಬೇರೆ ಬೇರೆ ಕಾರ್ಡು ಅಚ್ಚು ಹಾಕಿಸುವುದು ವಾಡಿಕೆ. ಆದ್ದರಿಂದ ಎರಡನೇ ಕವರು ಬಂದಾಗ ಅವರು ಹಾಗೆ ತಿಳಿದದ್ದು ಸಹಜವೇ. ಆ ಕವರಿಗೆ ಅರಿಶಿನ ಎಲ್ಲಿಂದ ಬಂತು?

"ಸ್ಟಾಕ್ ನೋಡಿ ಹೇಳ್ತೀವಿ ಸಾರ್, ಎರಡು ದಿನ ಬಿಟ್ಟು ಬನ್ನಿ" ಎಂದು ಅವರನ್ನು ಕಳುಹಿಸಿದೆ. ಮದುವೆ ನಿಂತ ಸುದ್ದಿ ನಾನು ಹೇಳುವಂಥದ್ದಲ್ಲ.

ಸಾಹುಕಾರರು ಹೊರಗೆ ಬಂದು ಹಣೆ ಒರೆಸಿಕೊಂಡರು. "ನಾನೇ ಹಚ್ಚಿಬಿಟ್ಟೆ ಅಮ್ಮ. ಕವರು ಕೊಡುವಾಗ ಕೈ ತಾನಾಗಿ ಬಟ್ಟಲಿಗೆ ಹೋಯ್ತು. ಈಗ ಫೋನ್ ಮಾಡಿ, ಕವರ್ ಬಿಚ್ಚಿ ಓದಿ ಸಾರ್ ಅಂದುಬಿಡೋಣ. ಮುಗೀತಲ್ಲ."

ಹೂಂ ಎನ್ನಬೇಕು ಎಂದುಕೊಂಡೆ. ಅಷ್ಟರಲ್ಲಿ ಆ ಕವರಿನೊಳಗೆ ಏನಿದೆ ಎಂಬುದು ಕಣ್ಣ ಮುಂದೆ ಬಂತು. "ರದ್ದುಗೊಳಿಸಲಾಗಿದೆ." ಯಾರು ಗೊಳಿಸಿದರು? "ಅನಿವಾರ್ಯ ಕಾರಣ." ಯಾರಿಗೆ ಅನಿವಾರ್ಯ? ತಾವೇ ಕುದುರಿಸಿದ ಮದುವೆ ನಿಂತ ಸುದ್ದಿಯನ್ನು ಆ ಹಿರಿಯರು, ತಮ್ಮ ಮನೆಯವರೇ ಕಳುಹಿಸಿದ ಅಚ್ಚಿನ ಹಾಳೆಯಲ್ಲಿ, ಹೊರಗಿನವರ ಹಾಗೆ ಓದಬೇಕು. ಓದಿದ ಮೇಲೆ ಏನು ಮಾಡುತ್ತಾರೆ? ಕಾರಣ ತಿಳಿಯಲು ನೇರ ಗೆಳೆಯನ ಮನೆ ಬಾಗಿಲಿಗೆ ಹೋಗಿ ಕೂಗಾಡುತ್ತಾರೆ. ನಾನು ಬರೆದ ಕಾಗದ ಮಾಡಿಸುವ ಕೆಲಸ ಅದು. ಬರೆಯುವಾಗ ಒಂದು ಸಲವೂ ನಾನು ಓದುವವರ ಜಾಗದಲ್ಲಿ ಕೂತು ನೋಡಿರಲಿಲ್ಲ.

"ಬೇಡ ಸಾವ್ಕಾರ್ರೇ," ಎಂದೆ. ಅವರ ಮಾತಿಗೆ ನಾನು ಬೇಡ ಎಂದದ್ದು ಅದೇ ಮೊದಲು. "ಆ ಕವರು ಬಿಚ್ಚೋಕೆ ಮುಂಚೆ ವಾಪಸ್ ತರಬೇಕು. ಅವರಿಗೆ ಅಚ್ಚಿಂದು ಬೇಡ. ಹುಡುಗೀನೇ ಕೈಯಲ್ಲಿ ಬರೀಬೇಕು."

ಅವರು ಫೋನನ್ನು ನನ್ನ ಕಡೆ ಸರಿಸಿ, "ನಂಬರ್ ಬಿಲ್ಲಿನ ಮೇಲಿದೆ, ಮಾಡಿ" ಎಂದರು.

ಹುಡುಗಿ ಸಂಜೆ ಕೆಲಸ ಬಿಟ್ಟು ನೇರ ಬಂದಳು. ವಿಷಯ ಕೇಳಿ ಮೊದಲು ನಕ್ಕಳು, ಆಮೇಲೆ ಕಣ್ಣು ಒರೆಸಿಕೊಂಡಳು. "ಎದುರಿಗೆ ಹೋದ್ರೆ ಅವರು ನನ್ನ ಮಾತು ಮುಗಿಸೋಕೇ ಬಿಡಲ್ಲ ಆಂಟಿ. ನಾನು ಅಳ್ತೀನಿ, ಅವರು ಚಪ್ಪಲಿ ಮೆಟ್ಕೋತಾರೆ."

"ಕಾಗದಕ್ಕೆ ಯಾರೂ ಮಧ್ಯೆ ಬಾಯಿ ಹಾಕೋಕಾಗಲ್ಲ. ಬರೀರಿ" ಎಂದೆ.

ಗೆರೆ ಎಳೆದ ಹಾಳೆ ಕೊಟ್ಟೆ. ಮೊದಲನೆಯದು "ದೊಡ್ಡಪ್ಪ, ದಯವಿಟ್ಟು ನನ್ನನ್ನು ಕ್ಷಮಿಸಿ" ಎಂದು ಶುರುವಾಯಿತು. ನಾನು ಬೇಡವೆಂದು ತಲೆಯಾಡಿಸಿದೆ. ಮೊದಲ ಮಾತೇ ಕ್ಷಮೆಯಾದರೆ ಓದುವವರು ಕೊನೆಯವರೆಗೂ ತಪ್ಪು ಹುಡುಕುತ್ತಲೇ ಓದುತ್ತಾರೆ. ಎರಡನೆಯದರಲ್ಲಿ ಲಾಲ್‌ಬಾಗಿನ ಬಂಡೆ ಹತ್ತಿಸಿದ್ದು, ಸೈಕಲ್ ಕಲಿಸಿದ್ದು, ಪರೀಕ್ಷೆಯ ದಿನ ಕಾದು ನಿಂತದ್ದು ಎಲ್ಲ ಬಂತು. ಚೆನ್ನಾಗಿತ್ತು. ಆದರೆ ಸುದ್ದಿ ಇದ್ದದ್ದು ಹಾಳೆಯ ಹಿಂಬದಿಯಲ್ಲಿ. ಇಷ್ಟು ಹೊತ್ತು ಮುದ್ದು ಮಾಡಿ ಆಮೇಲೆ ಹೊಡೆದ ಹಾಗೆ. ಮೂರನೆಯದರಲ್ಲಿ ಬೇಸತ್ತು "ಮದುವೆ ನಿಂತಿದೆ" ಎಂಬಲ್ಲಿಂದಲೇ ಆರಂಭಿಸಿದಳು. ಅಷ್ಟು ಓದಿದರೆ ಸಾಕು, ಆ ವಯಸ್ಸಿನವರಿಗೆ ಮುಂದಿನ ಸಾಲು ಕಾಣುವುದಿಲ್ಲ.

ಪೆನ್ನು ಕೆಳಗಿಟ್ಟು, "ನಂಗೆ ಬರಲ್ಲ ಬಿಡಿ" ಎಂದಳು.

"ಬರೆಯೋದು ಬೇಡ. ನಾನೇ ದೊಡ್ಡಪ್ಪ ಅಂದ್ಕೊಳ್ಳಿ. ಬಂದು ಪಕ್ಕ ಕೂತಿದೀರಿ. ಮೊದಲು ಏನಂತೀರಿ?"

"ಹೆದರ್ಕೋಬೇಡಿ ದೊಡ್ಡಪ್ಪ, ನಾನು ಚೆನ್ನಾಗಿದೀನಿ ಅಂತೀನಿ."

"ಹಾಗಿದ್ರೆ ಅದೇ ಮೊದಲ ಸಾಲು."

ನಮ್ಮೂರಿನಲ್ಲಿ ಹಿಂದೆ ಎಲ್ಲ ಕಾಗದವೂ "ಈ ಕಡೆ ಎಲ್ಲರೂ ಕ್ಷೇಮ" ಎಂದೇ ಶುರುವಾಗುತ್ತಿತ್ತು. ಬರೀ ಸಂಪ್ರದಾಯ ಎಂದುಕೊಂಡಿದ್ದೆ. ಅದು ಯಾಕೆ ಎಂದು ಅವತ್ತು ತಿಳಿಯಿತು. ಓದುವವರ ಎದೆಯ ಗಾಬರಿ ಮೊದಲು ಅಡಗಬೇಕು. ಆಮೇಲೇ ಸುದ್ದಿ ಒಳಗೆ ಇಳಿಯುವುದು.

ಇನ್ನೊಂದು ತೊಡಕಿತ್ತು. ಕಾರಣ. ಸುಳ್ಳು ಬೇಡ, ನಿಜ ಹೇಳುವ ಹಾಗಿಲ್ಲ. "ಅನಿವಾರ್ಯ" ಎಂಬ ಮಾತಿನ ಹಿಂದೆ ಅಡಗಿಕೊಳ್ಳುವುದೂ ಬೇಡ. ಸಾಹುಕಾರರು ಟೀ ತರಿಸಿದರು. ಕೊನೆಗೆ ನಾನು ಹೇಳಿದೆ: "ಬರೀತಾ ಇಲ್ಲ ಅನ್ನೋದನ್ನೇ ಬರೆದುಬಿಡಿ. ಮುಚ್ಚಿಡೋದು ಬೇರೆ, ಹೇಳಲ್ಲ ಅಂತ ಹೇಳೋದು ಬೇರೆ." ಮತ್ತೂ ಒಂದು ಕೇಳಿದೆ: "ಓದಿ ಮಡಿಸಿಟ್ಟ ಮೇಲೆ ದೊಡ್ಡಪ್ಪ ಏನು ಮಾಡಬೇಕು ಅಂತ ನಿಮ್ಮ ಆಸೆ?" ಅವಳು ತಡಮಾಡದೆ ಉತ್ತರ ಕೊಟ್ಟಳು. ಅದು ಕಾಗದದ ಕೊನೆಗೆ ಹೋಯಿತು. ಅವಳ ಒಪ್ಪಿಗೆ ಪಡೆದು ಒಂದು ನಕಲು ಇಟ್ಟುಕೊಂಡಿದ್ದೆ:

"ದೊಡ್ಡಪ್ಪನವರಿಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನನ್ನ ಮದುವೆ ನಡೆಯುವುದಿಲ್ಲ. ನಾನೂ ಅವರೂ ಕೂತು ಮಾತಾಡಿ ಈ ತೀರ್ಮಾನಕ್ಕೆ ಬಂದೆವು. ಕಾರಣವನ್ನು ಬರೆಯುತ್ತಿಲ್ಲ. ಅದರಲ್ಲಿ ಅರ್ಧ ಅವರದು, ಅದನ್ನು ಹೇಳುವ ಹಕ್ಕು ನನಗಿಲ್ಲ. ನಿಮಗೇ ಮೊದಲು ಹೇಳಬೇಕಿತ್ತು, ಹೆದರಿದೆ. ನಿಮ್ಮಲ್ಲಿ ಒಂದನ್ನು ಕೇಳುತ್ತೇನೆ. ಅವರ ಚಿಕ್ಕಜ್ಜನೂ ನೀವೂ ನಾನು ಹುಟ್ಟುವ ಮೊದಲಿನಿಂದ ಗೆಳೆಯರು. ನನ್ನಿಂದ ಅದು ನಿಲ್ಲಬಾರದು. ಅವರು ನಾಚಿಕೆಯಿಂದ ಮನೆಯಲ್ಲೇ ಕೂತಿರಬಹುದು. ವಾಕಿಂಗಿಗೆ ನೀವೇ ಹೋಗಿ ಕರೆಯಿರಿ."

ಆಮೇಲೆ ಕವರಿನ ಚಿಂತೆ. ಅರಿಶಿನ ಹಚ್ಚಿದರೆ ಮತ್ತೆ ದೇವರ ಮುಂದೆ ಹೋಗಿ ಕೂರುತ್ತದೆ. ಮದುವೆ ಮನೆಯಿಂದ ಬೋಳು ಕವರು ಹೋದರೆ ಯಾರೋ ತೀರಿಕೊಂಡರು ಎಂದು ಬೆಚ್ಚುತ್ತಾರೆ. ಅರಿಶಿನ ಹಚ್ಚುವ ಮೂಲೆಯಲ್ಲಿ ನಾನು ದಪ್ಪಗೆ ಬರೆದೆ: "ಎಲ್ಲರೂ ಕ್ಷೇಮ. ಬಿಚ್ಚಿ ಓದಿ."

"ಯಾರು ಕೊಡೋದು?" ಎಂದರು ಸಾಹುಕಾರರು. ಅಂಚೆಗೆ ಹಾಕುವಷ್ಟು ಹೊತ್ತಿರಲಿಲ್ಲ. ಹುಡುಗಿ ಹೋದರೆ ಬಾಗಿಲಲ್ಲೇ ಮಾತು ಶುರುವಾಗುತ್ತದೆ. ಅವಳ ತಂದೆಯ ಹೆಸರನ್ನು ಯಾರೂ ಎತ್ತಲೇ ಇಲ್ಲ. "ನಾನು ಹೋಗ್ತೀನಿ" ಎಂಬ ಮಾತು ನನ್ನ ಬಾಯಿಂದ ಬಂದಾಗ ನನಗೇ ಆಶ್ಚರ್ಯವಾಯಿತು.

ಮಾರನೇ ಬೆಳಿಗ್ಗೆ ಮಾವಳ್ಳಿಯ ಆ ಮನೆಯ ಗೇಟಿನ ಚಿಲಕ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಹಿರಿಯರೇ ನನ್ನನ್ನು ನೋಡಿ, "ಏನಮ್ಮಾ, ಕಾರ್ಡ್ ತಂದ್ರಾ? ನಾನೇ ಬರ್ತಿದ್ನಲ್ಲ" ಎಂದರು. ನಾನು ಕವರು ಕೊಟ್ಟೆ. ಮೂಲೆಯ ಬರಹ ಓದಿದರು. ನನ್ನ ಮುಖ ನೋಡಿದರು. ಜಗುಲಿಯ ಮೇಲೆ ಕೂತು ಬಿಚ್ಚಿದರು.

ಓದಿದರು. ಮತ್ತೆ ಮೊದಲಿನಿಂದ ಓದಿದರು. ಒಳಗಿನಿಂದ ಅವರ ಮನೆಯವರು, "ಯಾರ ಕಾಗದ ರೀ?" ಎಂದು ಕೂಗಿದರು.

"ಕಾರಣ ಬರೆದಿಲ್ಲ" ಎಂದರು ಕೊನೆಗೆ.

"ಇಲ್ಲ ಸಾರ್."

"ನನಗೂ ಹೇಳಲ್ಲ ಅಂತಿದಾಳೆ."

ಅವರ ಕುತ್ತಿಗೆಯ ನರ ಬಿಗಿದಿತ್ತು. ಈಗ ಏಳುತ್ತಾರೆ, ಚಪ್ಪಲಿ ಹುಡುಕುತ್ತಾರೆ ಎಂದು ಹೆದರಿದೆ. ಅವರು ಎದ್ದರು, ಆದರೆ ಒಳಗೆ ಹೋದರು. ಬರುವಾಗ ಕೈಯಲ್ಲಿ ಆ ಹಳೇ ಕವರು ಇತ್ತು. ಮೇಲೆ ಕುಂಕುಮ ಬಿದ್ದಿತ್ತು.

"ಹಾಗಾದ್ರೆ ಇದು ಬೀಗರದಲ್ಲ. ಏನಿದೆ ಇದರಲ್ಲಿ?"

"ಇದೇ ಸುದ್ದಿ ಸಾರ್, ಅಚ್ಚಿನಲ್ಲಿ. ನಾನೇ ಬರೆದಿದ್ದು. ಚೆನ್ನಾಗಿಲ್ಲ."

"ಚೆನ್ನಾಗಿಲ್ಲ ಅಂದ್ರೆ ತಗೊಂಡು ಹೋಗಿ" ಎಂದು ಬಿಚ್ಚದೆ ನನ್ನ ಕೈಗೆ ಕೊಟ್ಟರು. ಗೇಟಿನವರೆಗೆ ಬಂದು ಕೇಳಿದರು: "ನನ್ನ ತಮ್ಮ?"

"ಹೆದರಿಕೊಂಡಿದಾರೆ ಸಾರ್."

"ಹೆದರಲಿ. ಇನ್ನೊಂದೆರಡು ದಿನ ಹೆದರಲಿ."

ಅಷ್ಟೇ. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಅಂಗಡಿಯಲ್ಲಿ ಆ ದಿನವೆಲ್ಲ ಪ್ರೂಫ್ ನೋಡುತ್ತಾ ಒಂದೇ ಸಾಲನ್ನು ಎರಡೆರಡು ಸಲ ಓದಿದೆ. ಹುಡುಗಿ ಮಧ್ಯಾಹ್ನ ಫೋನ್ ಮಾಡಿ, "ಏನಂದ್ರು?" ಎಂದಳು. "ಎರಡು ಸಲ ಓದಿದ್ರು" ಎಂದೆ. ಹೇಳಲು ನನ್ನಲ್ಲಿ ಬೇರೇನೂ ಇರಲಿಲ್ಲ.

ಹಿರಿಯರು ಮಾರನೇ ದಿನ ಅಂಗಡಿಗೆ ಬಂದರು. ಕೂರುವ ಮೊದಲೇ, "ಎಲ್ಲರಿಗೂ ಕಳಿಸೋ ಕಾಗದ ಯಾರ ಹೆಸರಲ್ಲಿ ಹೋಗ್ತಿದೆ?" ಎಂದರು.

"ನಿಮ್ಮ ತಮ್ಮನವರದು ಸಾರ್."

"ನನ್ನ ಹೆಸರು ಹಾಕಿ. ಬನ್ನಿ ಅಂತ ಕರೆದೋನು ನಾನು. ಬರಬೇಡಿ ಅನ್ನೋದೂ ನಾನೇ ಹೇಳಬೇಕು. ಅದ್ರಲ್ಲಿ ನನ್ನ ಹೆಸರಿದ್ರೆ ಆ ಹುಡುಗೀನ ಯಾರೂ ಅಡ್ಡಗಟ್ಟಿ ಕೇಳಲ್ಲ. ನನ್ನನ್ನ ಕೇಳಲಿ, ನೋಡ್ತೀನಿ."

ನಾನು ತಲೆ ತಗ್ಗಿಸಿ ಹಾಳೆ ಹುಡುಕಿದೆ. ಕಣ್ಣಲ್ಲಿ ನೀರು ಬಂದಿತ್ತು. ಹೊಸ ಒಕ್ಕಣೆ ಬರೆದು ಇಟ್ಟಿದ್ದೆ. ಅದರ ಕೊನೆಗೆ, "ಇಬ್ಬರ ಮುಂದಿನ ಬಾಳು ಬೆಳಕಾಗಲಿ ಎಂದು ಹಾರೈಸೋಣ" ಎಂದು ಸೇರಿಸಿದ್ದೆ. ಆ ಸಾಲಿನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು. ಅವರು ಕೆಂಪು ಪೆನ್ನು ಕೇಳಿ ಅದನ್ನು ಹೊಡೆದು ಹಾಕಿದರು.

"ಇದು ಭಾಷಣ ಅಮ್ಮ. ಟಿಕೆಟ್ ಮಾಡಿಸಿರೋರಿಗೆ ಏನು ಹೇಳ್ತೀರಿ? ಅದಿಲ್ಲ." ಅವರು ಹೇಳಿದ್ದು ಸರಿ. ನಾನು ಮರೆತೇಬಿಟ್ಟಿದ್ದೆ. ಅವರೂ ನಾನೂ ಕೂತು ಹೀಗೆ ಮುಗಿಸಿದೆವು:

"ಎಲ್ಲರೂ ಕ್ಷೇಮ. ನಮ್ಮ ಮನೆಯ ಹುಡುಗಿಯ ಮದುವೆಗೆ ನಿಮ್ಮನ್ನು ಕರೆದಿದ್ದೆವು. ಆ ಮದುವೆ ನಡೆಯುವುದಿಲ್ಲ. ಹುಡುಗಿ, ಹುಡುಗ ಇಬ್ಬರೂ ಕೂತು ಮಾತಾಡಿ ತೆಗೆದುಕೊಂಡ ತೀರ್ಮಾನ ಇದು. ಎರಡು ಮನೆಯ ಹಿರಿಯರೂ ಒಪ್ಪಿದ್ದೇವೆ. ಪ್ರಯಾಣಕ್ಕೆ ಟಿಕೆಟ್ ಮಾಡಿಸಿದ್ದರೆ ದಯವಿಟ್ಟು ರದ್ದು ಮಾಡಿಸಿ. ಕಾರಣ ಕೇಳಬೇಡಿ. ಮನೆಗೆ ಎಂದಿನಂತೆ ಬನ್ನಿ."

ದೊಡ್ಡಪ್ಪನ ಪೆನ್ನು "ಎರಡು ಮನೆಯ ಹಿರಿಯರೂ" ಎಂಬಲ್ಲಿ ನಿಂತಿತು. "ಇದನ್ನ ನಾನೊಬ್ಬನೇ ಬರೆಯೋ ಹಾಗಿಲ್ಲ" ಎಂದು ಎದ್ದು ಬಾಗಿಲಿಗೆ ಹೋದರು. ಎದುರು ಬದಿಯಲ್ಲಿ, ತಳ್ಳುಗಾಡಿಯ ಮರೆಯಲ್ಲಿ, ಮಫ್ಲರ್ ಸುತ್ತಿಕೊಂಡ ಇನ್ನೊಬ್ಬ ಹಿರಿಯರು ನಿಂತಿದ್ದರು.

"ಏ, ಬಾರೋ ಒಳಗೆ! ಅಲ್ಲೇನು ಬಳೆ ವ್ಯಾಪಾರ ಮಾಡ್ತಿದೀಯಾ?"

ಹುಡುಗನ ಚಿಕ್ಕಜ್ಜ ಮೆಟ್ಟಿಲು ಹತ್ತಿದರು. ಯಾರ ಮುಖವನ್ನೂ ನೋಡಲಿಲ್ಲ. ಕನ್ನಡಕ ತಂದಿರಲಿಲ್ಲ. ದೊಡ್ಡಪ್ಪ ತಮ್ಮದನ್ನೇ ಬಿಚ್ಚಿ ಕೊಟ್ಟರು. ಅವರು ನಿಂತುಕೊಂಡೇ, ತುಟಿ ಆಡಿಸುತ್ತಾ ಓದಿದರು. ಮುಗಿದ ಮೇಲೆ ಹಾಳೆಯನ್ನು ಸಾಹುಕಾರರ ಮುಂದಿಟ್ಟು, "ನಮ್ಮ ಕಡೆಗೂ ಇದನ್ನೇ ಹಾಕ್ಕೊಡಿ ಸ್ವಾಮಿ" ಎಂದರು. "ಹುಡುಗಿ ಇರೋ ಕಡೆ ಹುಡುಗ ಅಂತ ಮಾಡಿ."

"ನೆಗಡಿ ಹೋಯ್ತೇನೋ?" ಎಂದರು ದೊಡ್ಡಪ್ಪ.

"ಹೋಯ್ತು ಕಣೋ, ಸುಮ್ನಿರು."

ಸಾಹುಕಾರರು ಹುಡುಗನ ಮನೆಯ ಪ್ರತಿ ತೆಗೆದು ನನ್ನ ಕೈಗೆ ಕೊಟ್ಟರು. ಯಾವ ಮಾತಾದರೂ ಆ ಮನೆಗೆ ಒಗ್ಗದೆ ಹೋದೀತೇ, ಒಬ್ಬರ ಕಡೆ ವಾಲಿದ ಮಾತು ಎಲ್ಲಾದರೂ ಉಳಿದಿದೆಯೇ ಎಂದು ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ನೋಡಿದೆ. ಹುಡುಗಿ, ಹುಡುಗ ಜಾಗ ಬದಲಾಯಿಸಿಕೊಂಡಿದ್ದರು, ಕೆಳಗಿನ ಹೆಸರು ಬೇರೆಯಾಗಿತ್ತು. ಉಳಿದದ್ದೆಲ್ಲ ಹಾಗೇ ನಿಂತಿತ್ತು. ಅಂಚಿನಲ್ಲಿ "ಸರಿ ಇದೆ" ಎಂದು ಬರೆದು ಅಚ್ಚಿಗೆ ಕೊಟ್ಟೆ.